ಹಳೇ ಕಂಚಿನ ಫಿರಂಗಿಗೆ ಮೇಣವೋ, ಲ್ಯಾಕರೋ?

ಮಂಗಳೂರಿನ ಉಪ್ಪುಗಾಳಿಯಲ್ಲಿ ಕಂಚಿನ ಫಿರಂಗಿಯನ್ನು ಹೊರಗೆ ಇಡುವುದಾದರೆ ಮೊದಲು ಹುಣಸೆಹುಳಿ, ಬ್ರಾಸೋ ಎರಡನ್ನೂ ದೂರ ಇಡಿ. ಮನೆಯ ದೀಪದ ಹಾಗೆ ತಿಕ್ಕಿದರೆ ಹಳೇ ಹಸಿರು-ಕಂದು ಪದರವೂ ಹೋಗುತ್ತದೆ, ಕೆತ್ತಿದ ಅಕ್ಷರವೂ ಸವೆಯುತ್ತದೆ.

ಮೈಕ್ರೋಕ್ರಿಸ್ಟಲಿನ್ ಮೇಣ (ಪೆಟ್ರೋಲಿಯಂನಿಂದ ತೆಗೆಯುವ ಸಣ್ಣ ಹರಳಿನ ಮೇಣ) ಹಚ್ಚುವುದು ಸುಲಭ, ಬೇಡವಾದರೆ ದ್ರಾವಕದಲ್ಲಿ ತೆಗೆಯಬಹುದು. ಆದರೆ ನಮ್ಮ ಬಿಸಿಲು ಮಳೆಗೆ ಬೇಗ ಸವೆಯುತ್ತದೆ, ವರ್ಷಕ್ಕೊಮ್ಮೆಯಾದರೂ, ಮಳೆಗಾಲಕ್ಕೆ ಮುಂಚೆಯೇ, ಮತ್ತೆ ಹಚ್ಚಬೇಕು. ಇನ್‌ಕ್ರಾಲ್ಯಾಕ್ ಅನ್ನುವ ಅಕ್ರಿಲಿಕ್ ಲ್ಯಾಕರ್, ಅಂದರೆ ಒಣಗಿ ಗಟ್ಟಿ ಪಾರದರ್ಶಕ ಪದರವಾಗುವ ಲೇಪ, ಜಾಸ್ತಿ ಬಾಳುತ್ತದೆ, ಅದರಲ್ಲಿ ಲೋಹ ಕೆಡದಂತೆ ತಡೆಯುವ ಬೆಂಜೋಟ್ರಯಜೋಲ್ ಕೂಡ ಇದೆ. ಆದರೆ ಒಂದು ಗೀರು ಬಿದ್ದರೆ ಸಾಕು, ಲ್ಯಾಕರ್ ಪದರದ ಅಡಿಯಲ್ಲೇ ಲೋಹ ಕೆಡಲು ಶುರು, ಪೂರ್ತಿ ತೆಗೆಯುವುದಂತೂ ದೊಡ್ಡ ರಗಳೆ.

ಮಕ್ಕಳು ಹತ್ತಿ ಕೂರುವ ಜಾಗವಾದರೆ ನನ್ನ ಆಯ್ಕೆ ಮೇಣವೇ. ತಿಳಿಹಸಿರು ಪುಡಿ ಉದುರುತ್ತಿದೆಯಾ? ಲೋಹದ ಒಳಗೆ ಕ್ಲೋರೈಡ್ (ಉಪ್ಪಿನಲ್ಲಿರುವ, ಕಂಚನ್ನು ಕೆಡಿಸುವ ಅಂಶ) ಸೇರಿರುವ ಸಾಧ್ಯತೆ ಜಾಸ್ತಿ. ಸುಮ್ನೆ ಮೇಲೆ ಏನೂ ಬಳಿಯಬೇಡಿ, ಮೊದಲು ಸಂರಕ್ಷಣೆ ತಜ್ಞರಿಗೆ ತೋರಿಸಿ.