ಫಾರ್ಮ್ ಓದುವ ಬಗೆ: ತೂಕವೋ, ಗಡಿಯಾರವೋ?

ಹೊಸೂರಿನಿಂದ ಬೆಂಗಳೂರಿನ ರೇಸ್ ಕೋರ್ಸ್ ಸುಮಾರು 40 ಕಿಲೋಮೀಟರ್ ದೂರವಷ್ಟೇ ಇರುವುದರಿಂದ ನಮ್ಮ ಊರಿನಲ್ಲಿ ಕುದುರೆಗಳ ವಿಚಾರ ಮಾತನಾಡುವವರಿಗೆ ಬರವಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಜಾಕಿಯ, ಅಂದರೆ ಸವಾರನ, ಹೆಸರು ನೋಡಿ ಹಣ ಕಟ್ಟುವವರು. ಹಿಂದಿನ ಓಟಗಳ ದಾಖಲೆಯನ್ನು, ಅಂದರೆ ಫಾರ್ಮನ್ನು, ಕ್ರಮವಾಗಿ ಓದುವ ಕೆಲವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡ ರೇಟಿಂಗ್ ಮತ್ತು ತೂಕವನ್ನು ನಂಬುತ್ತದೆ, ಇನ್ನೊಂದು ಓಟದ ಸಮಯವನ್ನು. ಬೇಸಿಗೆ ಮತ್ತು ಚಳಿಗಾಲದ ಸೀಸನ್‌ಗಳಲ್ಲಿ ಈ ಎರಡನ್ನೂ ಒಂದೇ ಪುಸ್ತಕದ ಎದುರುಬದುರು ಪುಟಗಳಲ್ಲಿ ಬರೆದಿಟ್ಟು, ಬಹುಪಾಲು ನಿಜ ಹಣವಿಲ್ಲದೆ ಪೆನ್ಸಿಲಿನಲ್ಲೇ ಪಣ ಕಟ್ಟಿ, ನಾನು ಹೋಲಿಸಿ ನೋಡಿದ್ದೇನೆ.

ತೂಕದ ಪದ್ಧತಿಯ ತಳಹದಿ ಸರಳವಾದುದು. ಸಾಮರ್ಥ್ಯಕ್ಕೆ ತಕ್ಕಂತೆ ಭಾರ ಹೊರಿಸುವ ಹ್ಯಾಂಡಿಕ್ಯಾಪ್ ಓಟದಲ್ಲಿ ಪ್ರತಿ ಕುದುರೆಗೂ ಆ ಸಾಮರ್ಥ್ಯವನ್ನು ಅಳೆಯುವ ಒಂದು ಅಂಕಿ, ಅಂದರೆ ರೇಟಿಂಗ್, ಇರುತ್ತದೆ ಮತ್ತು ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕಿಲೋ ಭಾರವೆಂಬುದು ನಮ್ಮ ದೇಶದ ಲೆಕ್ಕ. ಒಳ್ಳೆಯ ಕುದುರೆ ಹೆಚ್ಚು ಭಾರ ಹೊತ್ತು, ಎಲ್ಲವೂ ಒಟ್ಟಿಗೇ ಗುರಿ ತಲುಪಲಿ ಎಂಬುದು ಈ ಭಾರವನ್ನು ಗೊತ್ತುಮಾಡುವ ಹ್ಯಾಂಡಿಕ್ಯಾಪರ್‌ನ ಆಶಯವಾದ್ದರಿಂದ, ಓದುಗನು ಕೇಳಬೇಕಾದದ್ದು ಯಾವ ಕುದುರೆ ಉತ್ತಮ ಎಂದಲ್ಲ, ಯಾವ ಕುದುರೆಯ ಸಾಮರ್ಥ್ಯ ಇನ್ನೂ ರೇಟಿಂಗಿನ ಲೆಕ್ಕಕ್ಕೆ ಸಿಕ್ಕಿಲ್ಲ ಎಂದು. 1200 ಮೀಟರಿನ ಓಟದಲ್ಲಿ ಸಮಾನ ಭಾರ ಹೊತ್ತು ಮೂರು ಲೆಂತ್‌ಗಳಿಂದ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಗೆದ್ದ ಕುದುರೆಗೆ ಮುಂದಿನ ಬಾರಿ ಎಂಟು ಅಂಕ, ಅಂದರೆ ನಾಲ್ಕು ಕಿಲೋ, ಹೆಚ್ಚಿತೆಂದುಕೊಳ್ಳೋಣ. ಆ ದೂರದಲ್ಲಿ ಒಂದು ಲೆಂತ್‌ಗೆ ಒಂದು ಕಿಲೋಗಿಂತ ತುಸು ಹೆಚ್ಚು ಎಂದು ಹಿಡಿದರೆ ಗೆಲುವಿನ ಅಂತರವೆಲ್ಲ ಅಲ್ಲಿಗೆ ಕರಗಿತು. ಆದರೆ ಜಾಕಿ ಕೊನೆಯಲ್ಲಿ ಲಗಾಮು ಬಿಗಿಹಿಡಿದು ನಿರಾಯಾಸವಾಗಿ ಗೆದ್ದಿದ್ದರೆ ಮೂರು ಲೆಂತ್ ಎಂಬುದೇ ಸುಳ್ಳು ಲೆಕ್ಕ. ಇಂತಹ ಕುದುರೆಗಳನ್ನು ಹಿಡಿಯಲು ಈ ಪದ್ಧತಿಯಷ್ಟು ಸಮರ್ಥವಾದುದು ಬೇರೊಂದಿಲ್ಲ. ಇದರ ಕೊರತೆಯೆಂದರೆ ರೇಟಿಂಗ್ ಎಲ್ಲರ ಕಣ್ಣೆದುರಿಗೇ ಅಚ್ಚಾಗಿರುತ್ತದೆ. ಕೆಳಗಿನ ಕ್ಲಾಸಿಗೆ, ಅಂದರೆ ಕಡಿಮೆ ರೇಟಿಂಗಿನ ಕುದುರೆಗಳ ಗುಂಪಿಗೆ, ಇಳಿದ ಹಳೆಯ ಗೆಲುವಿನ ಕುದುರೆಯನ್ನು ನಾನು ಗುರುತಿಸುವ ಹೊತ್ತಿಗೆ ಪಣ ಸ್ವೀಕರಿಸುವ ಬುಕ್ಕಿಗಳೂ ಗುರುತಿಸಿರುತ್ತಾರೆ, ಗೆದ್ದರೆ ರೂಪಾಯಿಗೆ ಎಷ್ಟು ಎಂಬ ದರ ಕುಸಿದಿರುತ್ತದೆ. ಅಲ್ಲದೆ ರೇಟಿಂಗ್ ಇಳಿದದ್ದು ಕಾಲಿನ ನೋವಿನಿಂದಲೋ ವಯಸ್ಸಿನಿಂದಲೋ ಎಂಬುದನ್ನು ಅಂಕಿ ಹೇಳುವುದಿಲ್ಲ.

ಗಡಿಯಾರದ ಪದ್ಧತಿ ಮೇಲ್ನೋಟಕ್ಕೆ ಹೆಚ್ಚು ಖಚಿತವಾಗಿ ಕಂಡರೂ ಅದನ್ನು ಬಳಸುವುದು ಕಷ್ಟ. ಬೆಂಗಳೂರಿನಲ್ಲಿ 1200 ಮೀಟರ್ ಓಡಲು ಸಾಮಾನ್ಯವಾಗಿ 1 ನಿಮಿಷ 13ರಿಂದ 15 ಸೆಕೆಂಡ್ ಬೇಕಾಗುತ್ತದೆ, ಆ ವೇಗದಲ್ಲಿ ಒಂದು ಸೆಕೆಂಡೆಂದರೆ ಸುಮಾರು 16 ಮೀಟರ್, ಅಂದರೆ ಆರಕ್ಕೂ ಹೆಚ್ಚು ಲೆಂತ್. ಆದರೆ ಬೇಸಿಗೆಯ ಸೀಸನ್ ಮಳೆಗಾಲದೊಳಕ್ಕೂ ಮುಂದುವರಿಯುವುದರಿಂದ ಒಂದು ವಾರದ ನೆಲ ಇನ್ನೊಂದು ವಾರಕ್ಕೆ ಇರುವುದಿಲ್ಲ. ಒಳಬದಿಯ ಹುಲ್ಲನ್ನು ಕಾಪಾಡಲು ತಾತ್ಕಾಲಿಕ ಬೇಲಿ, ಅಂದರೆ ಫಾಲ್ಸ್ ರೈಲ್, ಹಾಕಿದ ದಿನ ತಿರುವಿನಲ್ಲಿ ಓಡುವ ದೂರವೇ ಬದಲಾಗುತ್ತದೆ. ನೆಲ ಎಷ್ಟು ಮೆದುವೆಂದು ಅಳೆದು ಪ್ರಕಟಿಸುವ ಪೆನೆಟ್ರೋಮೀಟರ್ ಅಂಕಿಯನ್ನು ಹಿಡಿದು ಸಮಯವನ್ನು ತಿದ್ದಲು ನಾನು ಮಾಡಿದ ಪ್ರಯತ್ನಗಳು ಫಲ ಕೊಡಲಿಲ್ಲ. ಫಲ ಕೊಟ್ಟದ್ದು ಇನ್ನೂ ಸರಳವಾದ ಒಂದು ಕ್ರಮ: ಒಂದೇ ದಿನ, ಒಂದೇ ದೂರದಲ್ಲಿ ನಡೆದ ಓಟಗಳನ್ನು ಮಾತ್ರ ಹೋಲಿಸಿ, ಕೆಳ ಕ್ಲಾಸಿನ ಕುದುರೆ ಮೇಲಿನ ಕ್ಲಾಸಿನ ವಿಜೇತನಿಗಿಂತ ಬೇಗ ಓಡಿದ್ದರೆ ಅದಕ್ಕೆ ಗುರುತು ಹಾಕುವುದು. ಇಂತಹ ಸಂದರ್ಭಗಳು ವಿರಳ, ಆದರೆ ಈ ಲೆಕ್ಕ ಮಾಡುವವರೂ ವಿರಳವಾದ್ದರಿಂದ ಸಿಕ್ಕಾಗ ದರ ಚೆನ್ನಾಗಿರುತ್ತದೆ. 1600 ಮೀಟರಿಗೂ ಮೇಲ್ಪಟ್ಟ ಓಟಗಳಲ್ಲಿ ಜಾಕಿಗಳು ಮೊದಲರ್ಧವನ್ನು ತಡೆದು ಓಡಿಸುವುದುಂಟು, ಅಲ್ಲಿ ಒಟ್ಟು ಸಮಯಕ್ಕೆ ಬೆಲೆಯಿಲ್ಲ.

ಬೆಳಗಿನ ಟ್ರ್ಯಾಕ್ ವರ್ಕ್, ಅಂದರೆ ಅಭ್ಯಾಸದ ಓಟದ, ವರದಿಗಳನ್ನೂ ಕೆಲವರು ಮೂರನೆಯ ದಾರಿಯೆಂದು ಹೇಳುತ್ತಾರೆ. ಇನ್ನೂ ಓಡಿಲ್ಲದ ಕುದುರೆಗಳಿಗೆ ಅದು ಒಂದು ಆಧಾರವೆಂಬುದು ನಿಜ. ಆದರೆ 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಿತೆಂದು ತಿಳಿದರೂ ಬೆನ್ನ ಮೇಲೆ ಎಷ್ಟು ಭಾರವಿತ್ತೆಂದು ತಿಳಿಯದು. ಲಾಯದಿಂದ ಬಂದ ಗುಟ್ಟಿನ ಸುದ್ದಿಯ ಬಗ್ಗೆ ಹೇಳುವುದೇ ಬೇಡ, ಅದು ದಾರಿಯ ಅತ್ತಿಬೆಲೆ ದಾಟಿ ನಮ್ಮವರೆಗೆ ತಲುಪುವಷ್ಟರಲ್ಲಿ ದರ ಅರ್ಧಕ್ಕಿಳಿದಿರುತ್ತದೆ.

ನನ್ನ ಪುಸ್ತಕದಲ್ಲಿ ತೂಕದ ಪದ್ಧತಿಯ ಆಯ್ಕೆಗಳು ಹೆಚ್ಚು ಬಾರಿ ಗೆದ್ದವು, ಗಡಿಯಾರದ ಆಯ್ಕೆಗಳು ಹೆಚ್ಚು ಹಣ ತಂದವು. ಹೀಗಾಗಿ 1100 ಮತ್ತು 1200 ಮೀಟರಿನ ಓಟಗಳಿಗೆ ಗಡಿಯಾರವನ್ನೂ, ಅದಕ್ಕಿಂತ ದೀರ್ಘವಾದವುಗಳಿಗೆ ತೂಕವನ್ನೂ ನಾನು ಮೇಲೆಂದು ಎಣಿಸುತ್ತೇನೆ. ಆದರೆ ಇದು ತೆರಿಗೆಯನ್ನು ಬಿಟ್ಟು ಹೇಳಿದ ಮಾತು. ಕುದುರೆ ರೇಸ್ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತಮಿಳುನಾಡಿನ ಪ್ರಕರಣದಲ್ಲೇ ಹೇಳಿದ್ದರೂ, ಜಿಎಸ್‌ಟಿ 2023ರ ಅಕ್ಟೋಬರ್ 1ರಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇ. 28 ಇದ್ದು, 2025ರ ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ಏರಿದೆ. ಅದನ್ನು ಸೇರಿಸಿ ಮತ್ತೆ ಕೂಡಿದಾಗ ಎರಡೂ ಪುಟಗಳು ನಷ್ಟವನ್ನೇ ತೋರಿಸಿದವು, ಗಡಿಯಾರದ ಪುಟದ ನಷ್ಟ ಸ್ವಲ್ಪ ಕಡಿಮೆ. ಆದ್ದರಿಂದ ಎರಡೂ ಪದ್ಧತಿಗಳು ಒಂದೇ ಕುದುರೆಯನ್ನು ತೋರಿಸಿ, ದರವೂ ಎಂಟಕ್ಕಿಂತ ಮೇಲಿದ್ದರೆ ಮಾತ್ರ ಈಗ ಕೈಯಿಂದ ಹಣ ಬಿಡುತ್ತೇನೆ. ಹಾಗಾಗುವುದು ಬಹಳ ಅಪರೂಪ.