ಆನೆಗೊಂದಿ ಹರಿಗೋಲು: ನೀರುನಾಯಿ ನೋಡಬೇಕಿದ್ದರೆ ಬೆಳಕು ಹರಿಯುವಾಗಲೇ ಹೋಗಿ

ಆನೆಗೊಂದಿ ಕಡೆ ಹರಿಗೋಲು ಸವಾರಿ ಅಂದ್ರೆ ಜಾಸ್ತಿ ಜನಕ್ಕೆ ಗರಗರ ತಿರುಗಿಸಿಕೊಂಡು ವಿಡಿಯೊ ಮಾಡುವುದೇ. ಅದಕ್ಕಾದರೆ ಸಣಾಪುರ ಕೆರೆ ಸಾಕು. ನಾನು ಹೇಳುತ್ತಿರುವುದು ಹೊಳೆಯಲ್ಲಿ ಪ್ರಾಣಿ ನೋಡುವ ಸವಾರಿ ಬಗ್ಗೆ.

ರಜೆಗೆ ಗಂಗಾವತಿಗೆ ಬಂದಿದ್ದ ಅಕ್ಕನ ಮಗನಿಗೆ ಓರ್ಕಾ (ಕಿಲ್ಲರ್ ವೇಲ್) ಹುಚ್ಚು. ನಾರ್ವೆ ಸಮುದ್ರದಲ್ಲಿ ಅವು ಮನೆಮಂದಿಯೆಲ್ಲ ಸೇರಿ ಹೆರಿಂಗ್ ಮೀನುಗಳನ್ನು ಸುತ್ತುವರಿದು ಹಿಡಿಯುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ, "ನಿಮ್ಮೂರಲ್ಲಿ ಏನಿದೆ ಚಿಕ್ಕಮ್ಮ?" ಅಂದ. ಮನೆಮಂದಿಯೆಲ್ಲ ಸೇರಿ ಮೀನು ಅಟ್ಟುವವರು ನಮ್ಮ ತುಂಗಭದ್ರೆಯಲ್ಲೂ ಇದ್ದಾರೆ, ಬಾ ಅಂದೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಇಲ್ಲೇ ಹುಟ್ಟಿ ಬೆಳೆದವರಿಗೇ ಇದು ಗೊತ್ತಿರುವುದಿಲ್ಲ, ಅಲ್ವಾ?

ಬಿದಿರು ಹೆಣೆದ ಹರಿಗೋಲು, ತಳಕ್ಕೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ಒಂದೇ ಹುಟ್ಟು. ಇಂಜಿನ್ ಸದ್ದಿಲ್ಲದಿರುವುದೇ ದೊಡ್ಡ ಲಾಭ. ಹತ್ತುವ ಮೊದಲೇ "ತಿರುಗಿಸೋದು ಬೇಡ, ನೀರುನಾಯಿ ತೋರಿಸಿದರೆ ಸಾಕು" ಅಂದಿದ್ದಕ್ಕೆ ಅಂಬಿಗರ ಮುಖವೇ ಅರಳಿತು. ಸೀದಾ ಒಂದು ಬಂಡೆ ಪಕ್ಕ ನಿಲ್ಲಿಸಿದರು. ಬಂಡೆ ಮೇಲೆ ಕಪ್ಪಗೆ ಹಿಕ್ಕೆ, ಅದರ ತುಂಬಾ ಮೀನಿನ ಹುರುಪೆ, ಮುಳ್ಳು. ನಾತ ಕೇಳಬೇಡಿ. "ಇನ್ನೂ ಹಸಿ ಐತ್ರಿ, ಇಲ್ಲೇ ಎಲ್ಲೋ ಅದಾವ. ಸಪ್ಪಳ ಮಾಡಬ್ಯಾಡ್ರಿ ಅಕ್ಕಾರ" ಅಂದರು.

ಮೊದಲು ಕೇಳಿಸಿದ್ದು ಸಿಳ್ಳೆಯಂಥ ದನಿ. ಆಮೇಲೆ ನೀರಿನ ಮೇಲೆ ಚಪ್ಪಟೆ ತಲೆಗಳು ಸಾಲಾಗಿ ಬಂದವು, ಮುಳುಗಿದವು, ಮತ್ತೆ ಎದ್ದವು. ಒಂದು ಬಂಡೆ ಹತ್ತಿ, ಮುಂಗಾಲಲ್ಲಿ ಮೀನು ಒತ್ತಿ ಹಿಡಿದು, ತಲೆಯಿಂದಲೇ ಕಟಕಟ ಕಡಿಯತೊಡಗಿತು. ಮರಿಯೊಂದು ಪಾಲು ಕೇಳಲು ಬಂದರೆ ಬೆನ್ನು ತಿರುಗಿಸಿಬಿಟ್ಟಿತು! ಇನ್ನೂ ಹತ್ತಿರ ಹೋಗೋಣ ಅಂತ ಹುಡುಗ ಗೋಗರೆದ. ಅಂಬಿಗರು ಜಪ್ಪಯ್ಯ ಅನ್ನಲಿಲ್ಲ. "ಮರಿ ಅದಾವಪ್ಪ, ಹೆದರ್ತಾವ." ಇದೊಂದಕ್ಕೇ ಅವರಿಗೆ ಪೂರ್ತಿ ಅಂಕ. ಹಿಂದಿನಿಂದ ಸ್ಪೀಕರ್ ಹಾಕಿಕೊಂಡು ಇನ್ನೊಂದು ಹರಿಗೋಲು ಬಂತು ನೋಡಿ, ಎಲ್ಲ ಮಾಯ.

ವಾಪಸ್ ಬರುವಾಗ ಆಚೆ ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಸುಮ್ನೆ ನೀರಿಗೆ ಕೈ ಬಿಡುವ ಚಾಳಿ ಇದ್ದವರು ನೆನಪಿಡಿ.

ತಕರಾರು ಇಲ್ಲ ಅಂತಲ್ಲ. ದರಕ್ಕೆ ಬೋರ್ಡಿಲ್ಲ, ಹತ್ತುವ ಮೊದಲೇ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಮಕ್ಕಳ ಅಳತೆಯದು ಇರಲಿಲ್ಲ, ದೊಡ್ಡದನ್ನೇ ಬಿಗಿಯಾಗಿ ಕಟ್ಟಿಸಿದೆ. ಡ್ಯಾಂನಿಂದ ನೀರು ಬಿಟ್ಟಾಗ ಹರಿಗೋಲು ಬಂದ್, ಹಾಗಾಗಿ ಮಳೆಗಾಲ ಬಿಡಿ. ನೀರುನಾಯಿ ಕಾಣಲಿಲ್ಲ ಅಂತ ದುಡ್ಡು ವಾಪಸ್ ಕೇಳಬೇಡಿ, ಅವೇನು ಕೂಲಿಗೆ ಬಂದವಲ್ಲ.

ಐದಕ್ಕೆ ನಾಲ್ಕು. ಆ ಜಾಕೆಟ್‌ಗಳನ್ನು ಒಮ್ಮೆ ಒಗೆದು ಹಾಕಿದರೆ ಇನ್ನರ್ಧ ಕೊಡುತ್ತೇನೆ.