ಜಯದ ಸ್ತೋತ್ರ ಓದಲೆಂದು ಕೊಂಡ ದೊಡ್ಡಕ್ಷರದ ಸತ್ಯವೇದ: ಎರಡು ಮಳೆಗಾಲಗಳ ನಂತರ

ಒಂಬತ್ತು ವರ್ಷ ನಡೆದ ನಮ್ಮ ತೋಟದ ದಾರಿಯ ವ್ಯಾಜ್ಯ ಕೊನೆಗೂ ನಮ್ಮ ಪರವಾಗಿ ತೀರ್ಮಾನವಾದಾಗ, ದೇವರಿಗೆ ಕೃತಜ್ಞತೆ ಹೇಳಲು ಮನೆಯಲ್ಲಿ ಒಂದು ಸ್ತೋತ್ರಕೂಟ ಇಡಬೇಕೆಂದೂ ಅಂದು ವಾಕ್ಯವನ್ನು ತಾವೇ ಓದುವುದಾಗಿಯೂ ಅಮ್ಮ ಹೇಳಿದರು. ಎಪ್ಪತ್ತೆಂಟು ದಾಟಿದ ಅವರ ಕಣ್ಣಿಗೆ ಹಳೆಯ ಸತ್ಯವೇದದ, ಅಂದರೆ ಬೈಬಲ್ಲಿನ, ಅಕ್ಷರಗಳು ಹಿಡಿಯುತ್ತಿರಲಿಲ್ಲ. ಆ ಕಾರಣದಿಂದ ಮಡಿಕೇರಿಯಲ್ಲಿ ಒಂದು ದೊಡ್ಡಕ್ಷರದ ಕನ್ನಡ ಸತ್ಯವೇದವನ್ನು, ಜಿಪ್ ಇರುವ ರೆಕ್ಸಿನ್ ಹೊದಿಕೆಯ ಸಮೇತ, ಕೊಂಡು ತಂದೆ. ಎರಡು ಮಳೆಗಾಲ ಬಳಸಿದ ಮೇಲೆ ಅದರ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಅಕ್ಷರದ ಮಾತು. ಕನ್ನಡದಲ್ಲಿ ಸಣ್ಣ ಮುದ್ರಣದ ತೊಂದರೆ ಇರುವುದು ಒತ್ತಕ್ಷರಗಳಲ್ಲಿ. ಹಳೆಯ ಪ್ರತಿಯಲ್ಲಿ ‘ಸ್ತೋತ್ರ’ ಎಂಬ ಪದದ ಕೆಳಗಿನ ಒತ್ತುಗಳು ಮಸಿಯ ಚುಕ್ಕೆಗಳಂತೆ ಕಾಣುತ್ತಿದ್ದವು. ‘ಯುದ್ಧ’ದಲ್ಲಿ ಮಹಾಪ್ರಾಣದ ಸೀಳು ಕಾಣಿಸುತ್ತಲೇ ಇರಲಿಲ್ಲ. ಈ ಪ್ರತಿಯಲ್ಲಿ ಸಾಲುಗಳ ನಡುವೆ ಒತ್ತಿಗೆ ಬೇಕಾದಷ್ಟು ಜಾಗ ಬಿಟ್ಟಿದ್ದಾರೆ. ಕರೆಂಟು ಹೋದ ಸಂಜೆ ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲೂ ಅಮ್ಮ ತಡವರಿಸದೆ ಓದುತ್ತಾರೆ. ಕೀರ್ತನೆಗಳೆಂಬ ಸ್ತುತಿಪದ್ಯಗಳನ್ನೂ ಹಾಡುಗಳನ್ನೂ ಗದ್ಯದಂತೆ ಒತ್ತೊತ್ತಾಗಿ ಸುರಿಯದೆ ಪದ್ಯದ ಸಾಲುಗಳಾಗಿ ಮುರಿದು ಮುದ್ರಿಸಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಗುಣ, ಏಕೆಂದರೆ ಜಯದ ಸ್ತೋತ್ರವು ಗಟ್ಟಿಯಾಗಿ ಓದಬೇಕಾದ, ಉಸಿರು ಎಲ್ಲಿ ನಿಲ್ಲಬೇಕೆಂದು ಕಣ್ಣಿಗೆ ತಿಳಿಯಬೇಕಾದ ಮಾತು.

ಸತ್ಯವೇದದ ಎರಡನೆಯ ಪುಸ್ತಕವಾದ ವಿಮೋಚನಕಾಂಡದ 15ನೆಯ ಅಧ್ಯಾಯವನ್ನು ತೆರೆದರೆ ಇದು ಗೊತ್ತಾಗುತ್ತದೆ. ಐಗುಪ್ತದ ಅರಸ ಫರೋಹನ ರಥಗಳು ಸಮುದ್ರದಲ್ಲಿ ಮುಳುಗಿದ ಮೇಲೆ ಮೋಶೆಯೂ ಇಸ್ರಾಯೇಲ್ಯರೂ ಹಾಡಿದ ಹಾಡು ಅದು. ಅದು ಮುಗಿಯುವಲ್ಲಿ ಮಿರ್ಯಾಮಳು ದಮ್ಮಡಿ ಹಿಡಿದು ಹೆಂಗಸರನ್ನು ಕರೆದುಕೊಂಡು ಹೊರಡುತ್ತಾಳೆ. 136ನೆಯ ಕೀರ್ತನೆಯಂತೂ ಇನ್ನೂ ಸೊಗಸು. ದೇವರ ಕೃಪೆ ಶಾಶ್ವತವೆಂಬ ಪಲ್ಲವಿ ಅದರ 26 ವಚನಗಳಲ್ಲೂ ಮರಳಿ ಬರುತ್ತದೆ. ಇಲ್ಲಿ ಆ ಪಲ್ಲವಿ ಪ್ರತಿ ಸಲವೂ ಬೇರೆ ಸಾಲಿನಲ್ಲಿ ನಿಂತಿರುವುದರಿಂದ ಅಮ್ಮ ಮೊದಲರ್ಧ ಓದಿ ನಿಲ್ಲಿಸುತ್ತಾರೆ, ಉಳಿದದ್ದನ್ನು ಕೂಟಕ್ಕೆ ಬಂದವರೆಲ್ಲ ಸೇರಿ ಹೇಳುತ್ತಾರೆ. ಫರೋಹ, ಸೀಹೋನ, ಓಗ ಎಂಬ ಶತ್ರುಗಳ ಹೆಸರು ಬಂದಲ್ಲೂ ಜನರ ಬಾಯಲ್ಲಿ ಬರುವುದು ಕೃಪೆಯ ಮಾತೇ.

ಅನುವಾದ ನಾವು ಸಭೆಯಲ್ಲಿ ಕೇಳಿ ಬೆಳೆದ ಹಳೆಯದೇ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕೈಹಾಕಿದ ಕೆಲಸ 1831ರಲ್ಲಿ ಇಡೀ ಕನ್ನಡ ಬೈಬಲ್ಲಾಗಿ ಮುಗಿದು, ಆಮೇಲೆ ಹಲವು ಕೈಗಳಲ್ಲಿ ತಿದ್ದುಪಡಿಯಾಗುತ್ತ ಬಂದಿದೆ. ‘ಸೇನಾಧೀಶ್ವರನಾದ ಯೆಹೋವನು’ ಎನ್ನುವಾಗ ನಾಲಿಗೆಗೆ ಸಿಗುವ ಗಾಂಭೀರ್ಯ ಹೊಸ ಸರಳ ಅನುವಾದಗಳಲ್ಲಿ ನನಗೆ ಸಿಕ್ಕಿಲ್ಲ. ಮಕ್ಕಳಿಗೆ ಅವು ಬೇಗ ಅರ್ಥವಾಗುತ್ತವೆ ಎಂಬುದೂ ನಿಜ. 18ನೆಯ ಕೀರ್ತನೆಯಲ್ಲಿ ದಾವೀದನು ದೇವರನ್ನು ತನ್ನ ಬಂಡೆ, ತನ್ನ ಕೋಟೆ ಎಂದು ಕರೆಯುವಾಗ, 1859ರ ಸಂತ ಮಾರ್ಕರ ಹಳೆಯ ದೇವಾಲಯದ ಕಟ್ಟಡವನ್ನು ಒಡಲಲ್ಲಿಟ್ಟುಕೊಂಡಿರುವ ಮಡಿಕೇರಿಯ ಕೋಟೆಯೇ ನನ್ನ ಕಣ್ಣಮುಂದೆ ನಿಲ್ಲುತ್ತದೆ.

ಕೂಟಕ್ಕೆ ಆ ಕೀರ್ತನೆಯನ್ನೇ ಓದಬೇಕೆಂದು ನಾನು ಪಟ್ಟಿಯಲ್ಲಿ ಬರೆದಿದ್ದೆ. ಅದರ 37ನೆಯ ವಚನದಿಂದ ಮುಂದೆ ವೈರಿಗಳನ್ನು ಅಟ್ಟಿ ಹಿಡಿದದ್ದು, ಗಾಳಿಗೆ ಹಾರುವ ಧೂಳಿನಂತೆ ಪುಡಿಮಾಡಿದ್ದು ಬರುತ್ತದೆ. ಹಿಂದಿನ ರಾತ್ರಿ ಅಮ್ಮ ಕನ್ನಡಕ ತೆಗೆದು ಪುಟದ ಮೇಲೆ ಕೈಯಿಟ್ಟು, “ಬೇಲಿಯಾಚೆ ಅವರ ಮನೆಗೆ ಕೇಳಿಸುತ್ತದೆ ಮಗಾ. ದೇವರಿಗೆ ಸ್ತೋತ್ರ ಹೇಳೋಣ, ಅವರಿಗೆ ಕೇಳಲಿ ಅಂತ ಓದುವುದು ಬೇಡ” ಎಂದರು. ಬದಲಿಗೆ ಬೇಟೆಗಾರನ ಬಲೆ ಹರಿದು ಹಕ್ಕಿ ಪಾರಾದ 124ನೆಯ ಕೀರ್ತನೆಯನ್ನು ಆರಿಸಿಕೊಂಡರು. ಎಂಟೇ ವಚನ. ನನ್ನ ಮನಸ್ಸಿನಲ್ಲಿದ್ದ ಕಹಿ ಎಷ್ಟೆಂದು ಆಗ ನನಗೆ ತಿಳಿಯಿತು.

ಈ ಪ್ರತಿಯ ಅಡಿಟಿಪ್ಪಣಿಗಳು ನನಗೆ ಉಪಕಾರ ಮಾಡಿದ್ದು ಆ ರಾತ್ರಿಯೇ. ಒಂದು ವಚನದಿಂದ ಇನ್ನೊಂದಕ್ಕೆ ಹೋಗುತ್ತ ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ತಲುಪಿದೆ. ನಮ್ಮ ಹೋರಾಟ ಮನುಷ್ಯರ ಸಂಗಡ ಅಲ್ಲವೆಂದು ಪೌಲನು ಅಲ್ಲಿ ಹೇಳುತ್ತಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಕಡೆಯ ಶತ್ರು ಮರಣ, ಯೇಸು ಕ್ರಿಸ್ತನ ಮೂಲಕ ದೇವರು ಕೊಡುವ ಜಯ ಅದರ ಮೇಲೆ. ಪೂರ್ವಕಾಲವೃತ್ತಾಂತ ದ್ವಿತೀಯಭಾಗದ 20ನೆಯ ಅಧ್ಯಾಯದಲ್ಲಿ ಯೆಹೂದದ ಅರಸ ಯೆಹೋಷಾಫಾಟನು ಹಾಡುವವರನ್ನು ಸೈನ್ಯದ ಮುಂದೆ ನಡೆಸಿದನು, ಅಂದರೆ ಸ್ತೋತ್ರ ಮೊದಲು, ಜಯ ಆಮೇಲೆ. ತೀರ್ಪು ಯಾವ ಕಡೆಗೆಂದು ಯಾರಿಗೂ ತಿಳಿಯದ ಆ ಒಂಬತ್ತು ವರ್ಷವೂ ಅಮ್ಮ ಬೆಳಗ್ಗೆ ಎದ್ದು ಸ್ತೋತ್ರ ಹೇಳುತ್ತಿದ್ದದ್ದನ್ನು ನಾನು ಅಭ್ಯಾಸಬಲವೆಂದುಕೊಂಡಿದ್ದೆ.

ಕೊರತೆಗಳನ್ನೂ ಹೇಳಬೇಕು. ಕರಿಮೆಣಸು ತೂಗುವ ತಕ್ಕಡಿಯಲ್ಲಿಟ್ಟರೆ ಎರಡು ಕಿಲೋ ಹತ್ತಿರ ಬರುತ್ತದೆ. ವಯಸ್ಸಾದವರು ಕೈಯಲ್ಲಿ ಹಿಡಿದು ಓದಲಾರರು, ಮೇಜೋ ದಿಂಬೋ ಬೇಕು. ಕಾಗದ ತೆಳುವಾದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಟದ ಅಂಚುಗಳು ತೇವಕ್ಕೆ ಸುರುಟಿಕೊಳ್ಳುತ್ತವೆ. ಹೊದಿಕೆಯೊಳಗೆ ಗಾಳಿಯಾಡುವುದಿಲ್ಲ, ಮೊದಲ ಮಳೆಗಾಲದಲ್ಲೇ ರೆಕ್ಸಿನ್ನಿನ ಒಳಬದಿಗೆ ಬೂಷ್ಟು ಹಿಡಿಯಿತು, ಎರಡನೆಯದರಲ್ಲಿ ಜಿಪ್ ಹಸಿರುಗಟ್ಟಿ ಬಿಗಿಯಿತು. ಹೊಲಿಗೆ ಮಾತ್ರ ಇಂದಿಗೂ ಗಟ್ಟಿಯಾಗಿದೆ, ಒಂದು ಪುಟವೂ ಕಳಚಿಲ್ಲ.

ಇದು ಪ್ರೊಟೆಸ್ಟೆಂಟರು ಬಳಸುವ 66 ಪುಸ್ತಕಗಳ ಪ್ರತಿ ಎಂಬುದನ್ನು ಕಥೋಲಿಕ ಓದುಗರು ಗಮನಿಸಬೇಕು. ಜೂಡಿತಳ ವಿಜಯಗೀತೆಯಾಗಲಿ ಮಕ್ಕಬಿಯರ ಗ್ರಂಥಗಳಾಗಲಿ ಇದರಲ್ಲಿ ಇಲ್ಲ; 73 ಪುಸ್ತಕಗಳ ಕಥೋಲಿಕ ಆವೃತ್ತಿಯನ್ನು ಕೇಳಿ ತೆಗೆದುಕೊಳ್ಳಬೇಕು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕಥೋಲಿಕರಿಗೆ ಕೊಡಗಿನ ದೊಡ್ಡವೀರರಾಜೇಂದ್ರ ಅರಸನು ನೆಲೆ ಕೊಟ್ಟು, 1792ರಲ್ಲಿ ಸಂತ ಅನ್ನಮ್ಮನವರ ದೇವಾಲಯ ಎದ್ದ ವಿರಾಜಪೇಟೆಯಲ್ಲಿ ಈ ಬಿಡುಗಡೆಯ ಹಾಡುಗಳಿಗೆ ಓದುಗರು ಹೆಚ್ಚೇ ಇದ್ದಾರು.

ಮನೆಯಲ್ಲಿ ಹಿರಿಯರಿದ್ದು, ವಾಕ್ಯವನ್ನು ಗಟ್ಟಿಯಾಗಿ ಓದುವ ರೂಢಿ ಇದ್ದರೆ ಧಾರಾಳವಾಗಿ ಕೊಳ್ಳಬಹುದು. ಜಿಪ್ ಹೊದಿಕೆಗೆ ಮಾತ್ರ ಹಣ ಹಾಕಬೇಡಿ. ಬರುವ ಜೂನಿಗೆ ಮೊದಲು ನಮ್ಮದಕ್ಕೆ ಹತ್ತಿಬಟ್ಟೆಯ ಚೀಲ ಹೊಲಿಸುತ್ತಿದ್ದೇನೆ. ಅಮ್ಮ ಹಳೆಯ ಸೀರೆಯೊಂದನ್ನು ತೆಗೆದಿಟ್ಟಿದ್ದಾರೆ.